ಕೈ ಮುಗಿದರೂ ನಿಲ್ಲದ ವಾದ್ಯ

ನನಗೊಂದು ಚಟವಿದೆ. ಬೀಡಿ, ಇಸ್ಪೀಟು, ಎಲೆಅಡಿಕೆ ಯಾವುದೂ ಅಲ್ಲ. ಕೈ ಮುಗಿಯುವ ಚಟ. ಎದುರಿಗೆ ಬಂದವರು ಯಾರು ಎಂದು ತಲೆ ಯೋಚಿಸುವಷ್ಟರಲ್ಲಿ ನನ್ನ ಎರಡೂ ಕೈಗಳು ಎದೆಯ ಹತ್ತಿರ ಬಂದು ಜೋಡಿಯಾಗಿಬಿಟ್ಟಿರುತ್ತವೆ. ಫೋನಿನಲ್ಲಿ "ನಮಸ್ಕಾರ ಸಾರ್" ಎನ್ನುವಾಗಲೂ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮುಗಿಯುತ್ತೇನೆ. ಎಟಿಎಂ ಒಳಗಿನ ಹೆಣ್ಣುದನಿ "ಧನ್ಯವಾದಗಳು" ಎಂದಾಗ ಅದಕ್ಕೂ ಮುಗಿದಿದ್ದೇನೆ. ಒಮ್ಮೆ ಮಾಗಡಿ ರಸ್ತೆಯಲ್ಲಿ ಸ್ಕೂಟರಿನಲ್ಲಿ ಬರುವಾಗ ಎಡಗಡೆ ಗುಡಿ ಕಂಡಿತು. ಎರಡೂ ಕೈ ಬಿಟ್ಟು ಮುಗಿದೆ. ಸ್ಕೂಟರು ನೇರವಾಗಿ ಹೋಗಿ ಎಳನೀರಿನ ಗಾಡಿಗೆ ಗುದ್ದಿತು. ಎಳನೀರಿನವನು ಮಚ್ಚು ಹಿಡಿದುಕೊಂಡೇ ಎದ್ದು ಬಂದ. ಅವನಿಗೂ ಮುಗಿದೆ. ಆವತ್ತು ಕೆಲಸಕ್ಕೆ ಬಂದದ್ದು ಎರಡನೆಯ ನಮಸ್ಕಾರವೇ.

ಇದು ನಮ್ಮಮ್ಮ ಅಂಟಿಸಿ ಹೋದದ್ದು. ಏಳನೇ ಕ್ಲಾಸಿಗೆ ನಾನು ಸ್ಕೂಲನ್ನು ಬಿಟ್ಟೆನೋ, ಸ್ಕೂಲು ನನ್ನನ್ನು ಬಿಟ್ಟಿತೋ, ಅಂತೂ ಇಬ್ಬರಿಗೂ ಅಂಥ ದುಃಖವೇನೂ ಆಗಲಿಲ್ಲ. ದುಃಖವಾದದ್ದು ಅಮ್ಮನಿಗೆ. "ಓದಂತೂ ಹತ್ಲಿಲ್ಲ, ಕೈ ಮುಗಿಯೋದಾದ್ರೂ ಕಲಿಯೋ. ಅದಕ್ಕೆ ಯಾವ ಪರೀಕ್ಷೆನೂ ಇಲ್ಲ" ಎಂದು ಹೇಳಿ ನನ್ನನ್ನು ಕಬ್ಬಿಣ ಕಡೆಯುವ ಲೇತ್ ಕೆಲಸಕ್ಕೆ ಕಳಿಸಿದಳು.

ಪರೀಕ್ಷೆ ಇಲ್ಲ ಎಂದವಳು ಅವಳು. ಕೆಲಸಕ್ಕೆ ಸೇರಿದ ವರ್ಷದಲ್ಲೇ ಪರೀಕ್ಷೆ ಬಂತು. ನನಗೆ ಕೆಲಸ ಕಲಿಸುತ್ತಿದ್ದವರು ಮಾದಪ್ಪ ಮೇಸ್ತ್ರಿ. ಒಂದು ದಿನ ಕಬ್ಬಿಣದ ಸರಳಿಗೆ ಥ್ರೆಡ್, ಅಂದರೆ ಬೋಲ್ಟಿನ ಸುರುಳಿ ಗೀರು, ಹಾಕುತ್ತಿದ್ದೆ. ಥ್ರೆಡ್ ಹಾಕುವಾಗ ಸರಿಯಾದ ಕ್ಷಣಕ್ಕೆ ಲಿವರ್ ಎತ್ತಬೇಕು, ಇಲ್ಲದಿದ್ದರೆ ಟೂಲು ಮುಂದೆ ನುಗ್ಗಿ ಮಷಿನ್ನಿಗೇ ಬಡಿಯುತ್ತದೆ. ಆ ಸರಿಯಾದ ಕ್ಷಣಕ್ಕೆ ಸರಿಯಾಗಿ ಮಾಲೀಕರ ತಂದೆ ಒಳಗೆ ಬಂದರು. ನಾನು ಲಿವರ್ ಬಿಟ್ಟು ಎರಡೂ ಕೈ ಎತ್ತಿ ಮುಗಿದೆ. ಟೂಲು ಪಟ್ ಎಂದು ಮುರಿದು ಹಾರಿತು. ಅದರ ಹಿಂದೆಯೇ ಮೇಸ್ತ್ರಿಯ ಕೈ ನನ್ನ ಕಿವಿಯ ಮೇಲೆ ಬಿತ್ತು.

"ದೇವ್ರೇ ಬಂದು ಮುಂದೆ ನಿಂತ್ರೂ ಓಡ್ತಿರೋ ಮಷಿನ್ ಬಿಟ್ಟು ಕೈ ಮುಗೀಬೇಡ ಕಣೋ! ಅವನು ಕಾಯ್ತಾನೆ. ಮಷಿನ್ ಕಾಯಲ್ಲ."

ಆ ಏಟಿನ ನಂತರ ಲೇತ್ ಮುಂದೆ ನಿಂತಾಗ ಮಾತ್ರ ನನ್ನ ಕೈಗಳು ಶಿಸ್ತಾಗಿರುತ್ತವೆ. ಮಿಕ್ಕ ಕಡೆಯೆಲ್ಲ ಅಮ್ಮನ ರಾಜ್ಯ. ನಲವತ್ತು ವರ್ಷ ಹೀಗೇ ನಡೆಯಿತು. ಸ್ವಂತ ಲೇತ್ ಹಾಕಿದೆ, ಶ್ರೀಗಂಧದ ಕಾವಲ್‌ನಲ್ಲಿ ಮನೆ ಕಟ್ಟಿದೆ. ನನ್ನ ಕೈಯಿಂದ ಹೊರಟ ಬೋಲ್ಟು ಕೂದಲೆಳೆಯಷ್ಟು ಹೆಚ್ಚೂ ಇರುವುದಿಲ್ಲ, ಕಮ್ಮಿಯೂ ಇರುವುದಿಲ್ಲ. ಜಂಬ ಎಂದರೆ ಜಂಬ. ಸರ್ಟಿಫಿಕೇಟು ಇಲ್ಲದವನು ಜಂಬವನ್ನಾದರೂ ಇಟ್ಟುಕೊಳ್ಳಬೇಡವೇ?

ಮೊನ್ನೆ ನನ್ನ ಹೆಂಡತಿ ಸರೋಜ ಹಾಲಿನ ಮೂಲೆಯಲ್ಲಿದ್ದ ಕೀಬೋರ್ಡಿನ ಧೂಳು ಹೊಡೆಯುತ್ತಿದ್ದಳು. ತನ್ನ ಹಳೇ ಸೀರೆಯಲ್ಲಿ ಅವಳೇ ಹೊಲಿದ ಗವಸು ಅದಕ್ಕೆ ಹಾಕಿದ್ದಾಳೆ. ಗವಸು ಎತ್ತಿದವಳೇ ನಗಲು ಶುರುಮಾಡಿದಳು. "ಯಾಕೆ?" ಅಂದೆ. ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿ ತೋರಿಸಿದಳು. ನನ್ನ ಮುಖ ಕೆಂಪಾಯಿತು. ನೀವು ಹೊರಗಿನವರಲ್ಲ, ಹೇಳಿಬಿಡುತ್ತೇನೆ.

ಭಾನುವಾರ ನಮ್ಮ ಲೇತಿಗೆ ರಜ. ಸರೋಜ ವಿಜಯನಗರದ ಮಾರ್ಕೆಟ್ಟಿಗೆ ಹೊರಡುತ್ತಾಳೆ, ಚೀಲ ಹೊರಲು ನಾನು ಜೊತೆಗೆ. ಸರೋಜ ತರಕಾರಿ ಕೊಳ್ಳುವುದನ್ನು ನೀವು ನೋಡಿಲ್ಲ. ಒಂದು ಬೀನ್ಸು ಮುರಿದು ನೋಡುತ್ತಾಳೆ, ತೃಪ್ತಿಯಾಗುವುದಿಲ್ಲ, ಇನ್ನೊಂದು ಮುರಿಯುತ್ತಾಳೆ. ಅವಳು ಮುರಿದ ಬೀನ್ಸಿನಲ್ಲೇ ಇಬ್ಬರಿಗೆ ಪಲ್ಯವಾಗುತ್ತದೆ. ಕಾದು ಕಾದು ಕಾಲು ಸೋತ ಒಂದು ಭಾನುವಾರ, ಮಾರ್ಕೆಟ್ಟಿನ ತಿರುವಿನಲ್ಲಿರುವ ಸಂಗೀತ ವಾದ್ಯಗಳ ಅಂಗಡಿಗೆ ನುಗ್ಗಿದೆ. ಸಂಗೀತಕ್ಕಾಗಿ ಅಲ್ಲ. ಗಾಜಿನ ಬಾಗಿಲ ಹಿಂದೆ ಎಸಿ ಇತ್ತು, ಒಂದು ಸ್ಟೂಲೂ ಇತ್ತು.

ಸ್ಟೂಲಿನ ಮುಂದೆ ಕೀಬೋರ್ಡು ಇತ್ತು ಎಂಬುದು ಕೂತ ಮೇಲೆ ಗೊತ್ತಾಯಿತು.

"ಏನ್ ನೋಡ್ತೀರಾ ಸಾರ್?" ಎಂದು ಅಂಗಡಿಯ ಪ್ರಭಾಕರ್ ಬಂದರು. ನನ್ನ ವಾರಗೆಯವರೇ. ಒಂದು ಕಾಲದಲ್ಲಿ ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. "ಹನ್ನೆರಡು ಜನ ಸ್ಟೇಜ್ ಮೇಲೆ ಇರ್ತಿದ್ವಿ ಸಾರ್. ಈ ಮಷಿನ್ ಬಂತು, ಹನ್ನೊಂದು ಜನ ಮನೆಗೆ ಹೋದ್ರು. ಆಮೇಲೆ ಪೆನ್ ಡ್ರೈವ್ ಬಂತು, ನಾನೂ ಮನೆಗೆ ಹೋದೆ. ಈಗ ಮನೇಲಿ ಕೂರಕ್ಕಾಗ್ದೆ ಆ ಮಷಿನ್ನೇ ಮಾರ್ತಾ ಇದೀನಿ."

ಅವರು ನನ್ನ ತೋರುಬೆರಳು ಹಿಡಿದು ಎಡಗಡೆಯ ಒಂದು ಬಿಳಿ ಮನೆಯ ಮೇಲೆ ಇಟ್ಟರು. ಹಾರ್ಮೋನಿಯಂ ಕಾಲದಿಂದಲೂ ಆ ಪಟ್ಟಿಗಳಿಗೆ ಮನೆ ಎಂದೇ ಹೆಸರು. ಒತ್ತಿದೆ. ನೋಡಿ, ಡ್ರಮ್ಸು ಶುರುವಾಯಿತು! ಅದರ ಕೆಳಗೆ ಗಿಟಾರು, ಹಿಂದೆ ಪಿಟೀಲು, ಎಲ್ಲಿಂದಲೋ ಒಂದು ತಮಟೆ. ಬೆರಳನ್ನು ಪಕ್ಕದ ಮನೆಗೆ ಸರಿಸಿದರೆ ಅಷ್ಟೂ ಜನ ಮೆರವಣಿಗೆಯಂತೆ ಆ ಮನೆಗೆ ತಿರುಗಿದರು. ಒಂದು ಬೆರಳಿಗೆ ಇಷ್ಟು ಜನ ಮರ್ಯಾದೆ ಕೊಟ್ಟದ್ದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಮನೆಯಲ್ಲಿ ಪೂರ್ತಿ ಕೈ ಎತ್ತಿ ಕರೆದರೂ ಒಂದು ಲೋಟ ಕಾಫಿ ಬರುವುದಿಲ್ಲ.

ಚಿಕ್ಕವನಿದ್ದಾಗ ನಮ್ಮ ಬೀದಿಯ ಭಜನೆ ಮಂದಿರದಲ್ಲಿ ಒಂದು ಹಾರ್ಮೋನಿಯಂ ಇತ್ತು. ಶನಿವಾರ ಮಾತ್ರ ಹೊರಗೆ ಬರುತ್ತಿತ್ತು, ಮಿಕ್ಕ ದಿನ ಪೆಟ್ಟಿಗೆಗೆ ಬೀಗ. ಮಕ್ಕಳು ಮುಟ್ಟುವ ಹಾಗಿಲ್ಲ. ಒಮ್ಮೆ ನುಡಿಸುವವರು ಪ್ರಸಾದಕ್ಕೆ ಎದ್ದಾಗ ತೆವಳಿಕೊಂಡು ಹೋಗಿ ಒಂದೇ ಒಂದು ಬಿಳಿ ಮನೆ ಒತ್ತಿದೆ. ಹಿಂದಿನಿಂದ ತಿದಿ ಒತ್ತದೆ ಹಾರ್ಮೋನಿಯಂ ನುಡಿಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಶಬ್ದ ಬರಲಿಲ್ಲ. ಏಟು ಮಾತ್ರ ಬಂತು. ನೀವೇ ಹೇಳಿ, ಶಬ್ದವೇ ಬಾರದ ತಪ್ಪಿಗೆ ಏಟು ತಿಂದವನಿಗೆ, ಐವತ್ತು ದಾಟಿದ ಮೇಲೆ ಒಂದು ಬೆರಳಿಗೆ ಇಡೀ ಆರ್ಕೆಸ್ಟ್ರಾ ಸಿಕ್ಕಿದರೆ ಹೇಗಿರಬೇಡ?

ಅಲ್ಲಿಂದ ಪ್ರತಿ ಭಾನುವಾರ ನನ್ನ ಹಾಜರಿ. "ಇನ್ನೂ ನೋಡ್ತಾ ಇದೀನಿ" ಎನ್ನುತ್ತಿದ್ದೆ. "ನೋಡಿ ಸಾರ್, ನಿಧಾನಕ್ಕೆ ನೋಡಿ" ಎನ್ನುತ್ತಿದ್ದರು ಪ್ರಭಾಕರ್. ಕೊಳ್ಳದ ಗಿರಾಕಿಯನ್ನು ಅಂಗಡಿಯವರು ಅಷ್ಟು ದಿನ ಯಾಕೆ ಸಹಿಸಿದರು ಎನ್ನುತ್ತೀರಾ? ಅದಕ್ಕೊಂದು ಕಾರಣವಿದೆ, ಅದನ್ನು ಹೇಳದಿದ್ದರೆ ನನ್ನ ಜಂಬಕ್ಕೆ ನಿದ್ದೆ ಬರುವುದಿಲ್ಲ.

ಅಲ್ಲಿ ಆಳೆತ್ತರದ ಕಂಬಗಳ ಮೇಲೆ ಸ್ಪೀಕರುಗಳಿದ್ದವು, ಅವುಗಳಲ್ಲಿ ಸದಾ ಯಾವುದಾದರೊಂದು ಹಾಡು ಓಡುತ್ತಿತ್ತು. ಇವುಗಳ ಹೊಟ್ಟೆಯೊಳಗೇ ಆಂಪ್ಲಿಫೈಯರು ಇರುತ್ತದೆ, ವೈರು ಸಿಕ್ಕಿಸಿದರೆ ಸಾಕು. ನಾನು ಹೊಸ ಮಷಿನ್ ನೋಡುವ ಕ್ರಮದಲ್ಲೇ ನೋಡಿದೆ. ಬೆನ್ನಿನ ಮೇಲೆ ಅಂಗೈ ಇಟ್ಟು ಬಿಸಿ ಪರೀಕ್ಷಿಸಿದೆ, ಎತ್ತಿ ತೂಕ ನೋಡಿದೆ, ಗೆಣ್ಣಿನಿಂದ ಕುಟ್ಟಿದೆ.

"ಸಾರ್, ಅದು ಹಲಸಿನ ಹಣ್ಣಲ್ಲ" ಅಂದರು ಪ್ರಭಾಕರ್.

"ಗೊತ್ತು. ಬಲಗಡೇದು ಗೊರಗೊರ ಅಂತಾ ಇದೆ. ಒಂದು ಸ್ಕ್ರೂ ಲೂಸಾಗಿದೆ."

"ಹೊಸ ಪೀಸ್ ಸಾರ್, ಈ ವಾರ ಡಬ್ಬ ಒಡೆದಿದ್ದು. ಹಾಡಲ್ಲೇ ಹಾಗಿರತ್ತೆ ಬೇಸು."

ಹಾಡು ನಿಲ್ಲಿಸಿ ನೋಡಿದರು, ಬಿಚ್ಚಿ ನೋಡಿದರು. ಮುಂದಿನ ಜಾಲರಿಯ ಕೆಳಮೂಲೆಯಲ್ಲಿ ಒಂದು ಸ್ಕ್ರೂ ಅರ್ಧ ಸುತ್ತು ಸಡಿಲವಿತ್ತು. ನನ್ನ ಬೀಗದ ಕೈ ಗೊಂಚಲಿನಲ್ಲಿದ್ದ ಪುಟ್ಟ ಸ್ಕ್ರೂಡ್ರೈವರಿನಿಂದ ನಾನೇ ಬಿಗಿ ಮಾಡಿದೆ. ಗೊರಗೊರ ನಿಂತಿತು. ಪ್ರಭಾಕರ್ ನನ್ನ ಕಿವಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಒಂದು ದಿಂಬು ಬಂತು.

ಇಷ್ಟಕ್ಕೇ ನಿಂತಿದ್ದರೆ ಕಥೆ ಚೊಕ್ಕವಾಗಿರುತ್ತಿತ್ತು. ನಡುವೆ ಬೀಗರು ಬಂದರು.

ನಮ್ಮ ಮಗಳು ಸುಮಾಳನ್ನು ಕೊಟ್ಟಿರುವುದು ಚಂದ್ರಾ ಲೇಔಟಿಗೆ. ಅವಳ ಮಾವನವರು, ಅಂದರೆ ನಮ್ಮ ಬೀಗರು, ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರಾದವರು. ಮನೆಯಲ್ಲಿ ಕೂತಾಗಲೂ ಇಸ್ತ್ರಿ ಶರಟು, ಜೇಬಿನಲ್ಲಿ ಪೆನ್ನು. ಸಂಗೀತ ಅವರ ಮನೆಯಲ್ಲಿ ನಲ್ಲಿ ನೀರಿನ ಹಾಗೆ. ತಂಗಿ ಹಾಡುತ್ತಾರೆ, ಗೋಡೆಯ ಮೇಲೆ ವೀಣೆ, ಇವರು ತೊಡೆಯ ಮೇಲೆ ತಾಳ ಹಾಕುತ್ತಾರೆ. ಎಲ್ಲಾದರೂ ಅಪಸ್ವರ ಬಂದರೆ ಮಾತಾಡುವುದಿಲ್ಲ. ಹುಬ್ಬು ಒಂದು ಏರುತ್ತದೆ, ಅಷ್ಟೇ. ಆ ಹುಬ್ಬಿಗೆ ನಾನು ಹೆದರುವಷ್ಟು ಮಾದಪ್ಪ ಮೇಸ್ತ್ರಿಯ ಕೈಗೂ ಹೆದರಿಲ್ಲ.

ಒಂದು ಹಬ್ಬಕ್ಕೆ ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ ತಂಗಿ ಹಾಡಿದರು. ಮುಗಿದ ಮೇಲೆ ಬೀಗರು ನನ್ನ ಕಡೆ ತಿರುಗಿದರು.

"ಬೀಗರಿಗೆ ಸಂಗೀತ ಅಂದ್ರೆ ಹೇಗೆ?"

ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಆದರೆ ಆ ಪೆನ್ನು, ಆ ವೀಣೆ, ಸುತ್ತ ಕೂತ ಓದಿದವರು. ನನ್ನ ಬಾಯಿಂದ ಹೊರಟೇ ಹೋಯಿತು: "ಪರವಾಗಿಲ್ಲ, ಕೀಬೋರ್ಡ್ ಸ್ವಲ್ಪ ನುಡಿಸ್ತೀನಿ."

ಮಜ್ಜಿಗೆ ಕುಡಿಯುತ್ತಿದ್ದ ಸರೋಜಳಿಗೆ ಕೆಮ್ಮು ಬಂತು.

"ಹೌದಾ! ಗೊತ್ತೇ ಇರ್ಲಿಲ್ಲ ನೋಡಿ" ಎಂದು ಬೀಗರು ನಿಜವಾಗಿಯೂ ಸಂತೋಷಪಟ್ಟರು. "ಸುಮಾಗೆ ಈಗ ನಾಲ್ಕು ತಿಂಗಳು. ಮೊಮ್ಮಗುವಿನ ನಾಮಕರಣಕ್ಕೆ ತಾತನದೇ ಒಂದು ಐಟಂ ಇಟ್ಕೊಂಡ್ಬಿಡೋಣ."

ವಾಪಸು ಬರುವಾಗ ಸ್ಕೂಟರಿನ ಹಿಂದಿನಿಂದ ವಿಚಾರಣೆ ನಡೆಯಿತು.

"ರೀ, ಯಾವಾಗ ಕಲಿತ್ರಿ?"

"ಭಾನುವಾರ."

"ಯಾವ ಭಾನುವಾರ?"

"ನೀನು ಬೀನ್ಸ್ ಮುರಿಯೋ ಭಾನುವಾರ."

"ಕಲಿಯೋದು ಅಂದ್ರೆ ಅಷ್ಟೇನಾ? ಹಾಗಾದ್ರೆ ನಾನೂ ಅಷ್ಟೊತ್ತಿಗೆ ಡಾಕ್ಟ್ರಾಗ್ಬಿಡ್ತಿದ್ದೆ ಬಿಡಿ."

ನಾನು ವಾದ ಮಾಡಿದೆ. ಸುಳ್ಳೇನು ಹೇಳಿದೆ? 'ಸ್ವಲ್ಪ' ಎಂದೆ ತಾನೆ? ಒಂದು ಬೆರಳು ಸ್ವಲ್ಪವೇ ಅಲ್ಲವೇ? ಇಡೀ ಜನ್ಮ ಅಳತೆ ಪಟ್ಟಿ ಹಿಡಿದು ಬದುಕಿದ ನಾನು, ಅಳತೆಯಿಲ್ಲದ ಒಂದು ಮಾತಿನ ಮೇಲೆ ಕಾಲಿಟ್ಟು ಜಾರಿದ್ದೆ ಎಂಬುದು ಒಳಗೊಳಗೇ ಗೊತ್ತಿತ್ತು.

ಅದಾದ ಮೂರನೆಯ ಭಾನುವಾರ. ನಾನು ಅಂಗಡಿಗೆ ಹೋಗುವ ಹೊತ್ತಿಗೆ ಪ್ರಭಾಕರ್ ಗಡಿಬಿಡಿಯಲ್ಲಿದ್ದರು. ಕೆಂಗೇರಿ ಕಡೆಯ ಒಂದು ದೇವಸ್ಥಾನದ ಕಮಿಟಿಯವರು ಸ್ಪೀಕರ್ ನೋಡಲು ಬಂದಿದ್ದರು, ಬಿಳಿ ಪಂಚೆಯ ಇಬ್ಬರು. "ಬೀದಿ ಕೊನೇವರ್ಗೂ ಕೇಳಿಸ್ಬೇಕು ಕಣ್ರೀ, ಅದು ಮುಖ್ಯ" ಎನ್ನುತ್ತಿದ್ದರು. ಪ್ರಭಾಕರ್ ಎರಡು ದೊಡ್ಡ ಸ್ಪೀಕರುಗಳನ್ನು ಬಾಗಿಲ ಬಳಿ ಬೀದಿಗೆ ಮುಖ ಮಾಡಿ ನಿಲ್ಲಿಸಿ, ಬಾಗಿಲನ್ನು ಹಾರು ಹೊಡೆದು, ನನ್ನ ಕಿವಿಯಲ್ಲಿ ಹೇಳಿದರು:

"ಸಾರ್, ಒಂದು ಉಪಕಾರ. ಡೆಮೋ ಬಟನ್ ಒತ್ತಿರ್ತೀನಿ, ಮಷಿನ್ ತಾನೇ ಹಾಡತ್ತೆ. ನೀವು ಸ್ಟೂಲ್ ಮೇಲೆ ಕೂತು ಕೈ ಆಡಿಸ್ತಾ ಇರಿ. ಖಾಲಿ ಸ್ಟೂಲ್ ಮುಂದೆ ಮಷಿನ್ ಹಾಡಿದ್ರೆ ಇವ್ರಿಗೆ ದೆವ್ವ ನೋಡ್ದಂಗಾಗತ್ತೆ, ನಂಬಿಕೆ ಬರಲ್ಲ. ಸ್ಪೀಕರ್ ಹತ್ರ ನಾನಿರ್ತೀನಿ."

ಉಪಕಾರ ಕೇಳಿದವರಿಗೆ ಇಲ್ಲ ಎಂದು ನನಗೆ ಅಭ್ಯಾಸವಿಲ್ಲ. ಕೂತೆ. ಹಾಡು ಶುರುವಾಯಿತು. ಏನು ಹಾಡು ಅಂತೀರಿ! ಸ್ವರಗಳು ಮೆಟ್ಟಿಲ ಮೇಲಿಂದ ಉರುಳಿಸಿದ ಗೋಲಿಗಳ ಹಾಗೆ ಓಡುತ್ತಿದ್ದವು. ಮೊದಲು ಕೈಗಳನ್ನು ಸುಮ್ಮನೆ ಆಡಿಸಿದೆ. ಆಮೇಲೆ ಹುಮ್ಮಸ್ಸು ಬಂತು. ಎಡಗೈಯನ್ನು ಬಲಗೈ ಮೇಲಿಂದ ದಾಟಿಸಿದೆ. ಕಣ್ಣು ಮುಚ್ಚಿದೆ. ಕಷ್ಟದ ಜಾಗಗಳಲ್ಲಿ ತುಟಿ ಕಚ್ಚಿದೆ. ಕಣ್ಣು ಬಿಟ್ಟಾಗ ಬಾಗಿಲಲ್ಲಿ ಹತ್ತು ಹದಿನೈದು ಜನ ನಿಂತಿದ್ದರು, ಕರಿಬೇವು ಇಣುಕುವ ಚೀಲಗಳ ಹೆಂಗಸರು, ಒಬ್ಬ ಆಟೋದವನು. "ಇನ್ನೊಂದು ಸ್ವಲ್ಪ ಜೋರಾಗಿ ಇಡಿ" ಎಂದು ಪ್ರಭಾಕರ್‌ಗೆ ಸನ್ನೆ ಮಾಡಿದವನು ನಾನೇ. ಯಾರನ್ನೂ ದೂರುವ ಹಾಗಿಲ್ಲ.

ಆ ಜೋರು ಮಾರ್ಕೆಟ್ಟಿಗೂ ಮುಟ್ಟಿತ್ತು. ಅಲ್ಲಿ ಸರೋಜಳಿಗೆ ಬೀಗರು ಎದುರಾಗಿದ್ದರು. "ಬೀಗರೆಲ್ಲಿ?" ಎಂದು ಅವರು ಕೇಳಿ, ಇವಳು "ಅಲ್ಲೇ ಮ್ಯೂಸಿಕ್ ಅಂಗಡೀಲಿ" ಎಂದು ಹೇಳಿ, ಇಬ್ಬರೂ ಸದ್ದಿನ ಜಾಡು ಹಿಡಿದು ಬಂದಿದ್ದಾರೆ. ಜನ ದಾರಿ ಬಿಟ್ಟರು. ಇಸ್ತ್ರಿ ಶರಟು, ಜೇಬಿನಲ್ಲಿ ಪೆನ್ನು. ಬೀಗರು ಬಾಗಿಲಲ್ಲಿ ನಿಂತು, ಬೆರಗಿನಿಂದ ನನ್ನನ್ನು ನೋಡಿ, ಗೌರವದಿಂದ ಎರಡೂ ಕೈ ಜೋಡಿಸಿದರು.

ಬೀಗರು ಕೈ ಮುಗಿದರೆ ಹೆಣ್ಣು ಕೊಟ್ಟವನು ಏನು ಮಾಡುತ್ತಾನೆ? ದಡಕ್ಕನೆ ಎದ್ದು ನಿಂತೆ. ಎರಡೂ ಕೈ ಎತ್ತಿ ಎದೆಯ ಹತ್ತಿರ ಜೋಡಿಸಿ ಬಗ್ಗಿ ನಮಸ್ಕಾರ ಮಾಡಿದೆ.

ಸಂಗೀತ ನಿಲ್ಲಲಿಲ್ಲ.

ನಿಲ್ಲುವುದಿರಲಿ, ಆ ಹಾಡಿನ ಅತಿ ಕಷ್ಟದ ಜಾಗ ಬಂದದ್ದೇ ಆಗ. ನಾನು ಕೈ ಮುಗಿದು ನಿಂತಿದ್ದೇನೆ, ಬೆನ್ನ ಹಿಂದೆ ಗೋಲಿಗಳು ಉರುಳುತ್ತಿವೆ. ಕರಿಬೇವಿನ ಚೀಲದ ಒಬ್ಬಾಕೆ ಜೊತೆಯವಳಿಗೆ ಹೇಳಿದಳು: "ಅಯ್ಯೋ, ಅದು ತಾನೇ ಬಾರಿಸ್ಕೊಳ್ತಾ ಇದೆ ಕಣೇ!"

ಅಷ್ಟಕ್ಕೇ ಬಿಟ್ಟಿದ್ದರೆ ಮರ್ಯಾದೆ ಅರ್ಧವಾದರೂ ಉಳಿಯುತ್ತಿತ್ತು. ನಾನು ಮಾಡಿದ್ದೇನು ಗೊತ್ತೇ? ಮತ್ತೆ ಕೂತು ನುಡಿಸಲು ಶುರುಮಾಡಿದೆ. ಬೀದಿಯೆಲ್ಲ ನಕ್ಕಿತು. ಆಟೋದವನು ಶಿಳ್ಳೆ ಹೊಡೆದ. "ಸೂಪರ್ ಗುರೂ, ಕೈ ಬಿಟ್ಟು ಓಡ್ಸೋದನ್ನ ಈಗ್ಲೇ ನೋಡಿದ್ದು!"

ಪಂಚೆಯವರಲ್ಲಿ ಒಬ್ಬರು ಪ್ರಭಾಕರ್‌ರನ್ನು ಕೇಳಿದರು, "ಈ ಮನುಷ್ಯರೂ ಸ್ಪೀಕರ್ ಜೊತೆ ಬರ್ತಾರಾ?"

ಬೀಗರು ಮಾತ್ರ ನಗಲಿಲ್ಲ. ಹುಬ್ಬು ಏರಿತು. ಹಾಡು ಮುಗಿಯುವವರೆಗೆ ನನ್ನ ಪಕ್ಕದಲ್ಲಿ ನಿಂತಿದ್ದು, ಕೊನೆಗೆ ಮೆಲ್ಲಗೆ ಮೂರು ಸಲ ಚಪ್ಪಾಳೆ ತಟ್ಟಿದರು. "ಚೆನ್ನಾಗಿತ್ತು ಬೀಗರೇ. ನಾಮಕರಣಕ್ಕೆ ಈ ಮಷಿನ್ ಒಂದನ್ನೇ ಕರೆದ್ರೂ ನಡೆಯತ್ತೇನೋ."

ಆ ಮಾತು ನೇರವಾಗಿ ನನ್ನ ಲೇತಿಗೇ ಬಂದು ಬಡಿಯಿತು. ನಾನು ಬೇರೆ ಏನಾದರೂ ಆಗಿರಬಹುದು, ಕೆಲಸ ಮಾಡದೆ ಹೆಸರು ತೆಗೆದುಕೊಂಡವನಲ್ಲ. ಬೋಲ್ಟು ಕೊಳ್ಳುವವರು ನನ್ನ ಕೈಯನ್ನು ನಂಬಿ ಬರುತ್ತಾರೆ. ಆ ಕೈ ಇಲ್ಲಿ ಹದಿನೈದು ಜನರ ಮುಂದೆ ಗಾಳಿ ಹಿಸುಕುತ್ತಿತ್ತು.

"ಇಲ್ಲ ಬೀಗರೇ" ಅಂದೆ. "ನಾನೇ ನುಡಿಸ್ತೀನಿ. ಡ್ರಮ್ಸ್ ಇಲ್ಲ, ಡೆಮೋ ಇಲ್ಲ, ಯಾವ ಬಟನ್ನೂ ಮುಟ್ಟಲ್ಲ. ನೀವು ಮುಂದೆ ಕೂತು ಕೇಳಬೇಕು."

ಸರೋಜ ನನ್ನ ತೋಳು ಚಿವುಟಿದ ಗುರುತು ಬುಧವಾರದವರೆಗೂ ಇತ್ತು.

ಆ ಸಂಜೆಯೇ ಸುಮಾಳ ಫೋನು. "ಅಪ್ಪಾ, ಏನಾಯ್ತು ಅಂಗಡೀಲಿ? ಇಲ್ಲಿ ಎಲ್ರೂ ಅದೇ ಹೇಳ್ಕೊಂಡು ನಗ್ತಾ ಇದಾರೆ."

"ಮಾವನೂ ನಗ್ತಿದಾರಾ?"

"ಅವರು ಪೇಪರ್ ಓದ್ತಿದಾರೆ." ದನಿ ತಗ್ಗಿಸಿದಳು. "ಅಪ್ಪಾ, ನಾಮಕರಣದ ದಿನ ಬೇಡ ಬಿಡು. ನಿನ್ನ ನೋಡಿ ಯಾರಾದ್ರೂ ನಗೋದು ನಂಗೆ ಇಷ್ಟ ಆಗಲ್ಲ."

ಇಷ್ಟು ಹೊತ್ತು ತಮಾಷೆಯಾಗಿ ಹೇಳಿಕೊಂಡು ಬಂದೆ. ಆ ಮಾತಿಗೆ ಮಾತ್ರ ನನ್ನ ಹತ್ತಿರ ತಮಾಷೆ ಇರಲಿಲ್ಲ.

ಮುಂದಿನ ಭಾನುವಾರ ಅಂಗಡಿಗೆ ಹೋಗಿ "ನೋಡಿದ್ದು ಸಾಕು" ಎಂದು ಕೀಬೋರ್ಡು ತಂದೆ. ಪ್ರಭಾಕರ್‌ಗೆ ಪಾಪಪ್ರಜ್ಞೆ ಕಾಡುತ್ತಿತ್ತು. "ಕಲಿಸೋ ಜವಾಬ್ದಾರಿ ನಂದು ಸಾರ್. ಆವತ್ತು ಸ್ಟೂಲ್ ಮೇಲೆ ಕೂರಿಸಿದ್ದು ನಾನು" ಅಂದರು. ಯಾವ ಹಾಡು ಎಂದು ಕೇಳಿದರು. ನಮ್ಮಮ್ಮ ಗುನುಗುತ್ತಿದ್ದ ಒಂದು ಜೋಗುಳ ನನ್ನ ಕಿವಿಯಲ್ಲಿತ್ತು. ಪದ ಮರೆತಿತ್ತು, ಧಾಟಿ ಮಾತ್ರ ನೆನಪು. ನಾಲ್ಕೇ ಸಾಲು. ಹಾಡಿ ತೋರಿಸಿದೆ. ಪ್ರಭಾಕರ್ ಮುಖ ಒರೆಸಿಕೊಂಡು, "ಸಾರ್, ಕಿವಿ ಇಷ್ಟು ಚೆನ್ನಾಗಿದೆ, ಗಂಟಲನ್ನ ಯಾಕೆ ಹೀಗೆ ಇಟ್ಕೊಂಡಿದೀರಿ?" ಅಂದರು.

ಗಂಟಲು ಹೋಗಲಿ, ಬೆರಳಿನ ಪಾಡು ಕೇಳಿ. ಕಬ್ಬಿಣ ಹಿಡಿದು ದಪ್ಪಗಾದ ಬೆರಳುಗಳು. ಒಂದೊಂದು ಬೆರಳೂ ಎರಡೆರಡು ಮನೆಯಲ್ಲಿ ಸಂಸಾರ ಹೂಡುತ್ತಿತ್ತು. ಕಿರುಬೆರಳು ಎಂಬುದೊಂದು ಇದೆ ಎಂದು ನನಗೆ ತಿಳಿದದ್ದೇ ಆಗ. ಅದು ಮಿಕ್ಕವರ ಜೊತೆ ಬಾರದೆ ಮುನಿಸಿಕೊಂಡ ನೆಂಟನಂತೆ ಮೇಲೆ ಎದ್ದು ನಿಲ್ಲುತ್ತಿತ್ತು. ಸ್ವರ ಬರೆದುಕೊಳ್ಳಲು ಬಾರದು, ಹಾಗಾಗಿ ಲೇತಿನ ಡ್ರಾಯಿಂಗಿನ ಕ್ರಮದಲ್ಲಿ ಮನೆಗಳ ಮೇಲೆ ಮಾರ್ಕರಿನಿಂದ ನಂಬರು ಹಾಕಿದೆ. ಐದು, ಐದು, ಏಳು, ಆರು. ನಂಬರು ನೋಡಿಕೊಂಡು ಒತ್ತುವುದು ಸಲೀಸಾಯಿತು. ಎರಡು ತಿಂಗಳಿಗೆ ಮೂರು ಸಾಲು ಬಂತು. ಶುಕ್ರವಾರ ಮನೆ ಒರೆಸಿದ ಸರೋಜ ಕೀಬೋರ್ಡನ್ನೂ ಒದ್ದೆ ಬಟ್ಟೆಯಲ್ಲಿ ಉಜ್ಜಿ ಲಕಲಕ ಎನ್ನಿಸಿದಳು.

"ನಂಬರೆಲ್ಲಿ ಕಣೇ?"

"ಯಾವ ನಂಬರು? ಯಾರೋ ಮಕ್ಳು ಗೀಚಿದ್ರು ಅಂದ್ಕೊಂಡೆ. ಎಷ್ಟು ಉಜ್ಜಿದೆ ಗೊತ್ತಾ?"

"ಈ ಮನೇಲಿ ಮಕ್ಳೆಲ್ಲಿದಾರೆ?"

ಅವಳು ನನ್ನನ್ನೇ ನೋಡಿದಳು. ಉತ್ತರ ಅಲ್ಲೇ ಇತ್ತು. ಮತ್ತೆ ನಂಬರು ಹಾಕಲು ಹೋದಾಗ ಪ್ರಭಾಕರ್ ತಡೆದರು. "ಲೇತ್ ಓಡಿಸುವಾಗ ಹ್ಯಾಂಡಲ್ ಮೇಲೆ ನಂಬರ್ ನೋಡ್ತೀರಾ ಸಾರ್?" ನೋಡುವುದಿಲ್ಲ. ಕಿವಿ ಕೇಳುತ್ತದೆ, ಕೈ ಹೋಗುತ್ತದೆ. ಮೊದಲಿಂದ ಶುರುಮಾಡಿದೆ. ಸುಮಾ ಹೆರಿಗೆಗೆಂದು ನಮ್ಮ ಮನೆಗೆ ಬಂದಳು. ನಾನು ದಿನವೂ ತಡವರಿಸುವುದನ್ನು ಅವಳು ಕೇಳಬಾರದೆಂದು ಕೀಬೋರ್ಡನ್ನು ಲೇತಿಗೆ ಸಾಗಿಸಿ, ಮಧ್ಯಾಹ್ನ ಮಷಿನ್ ನಿಲ್ಲಿಸಿದ ಅರ್ಧ ಗಂಟೆ ಅಲ್ಲೇ ಒತ್ತುತ್ತಿದ್ದೆ. ಮೊಮ್ಮಗಳು ಹುಟ್ಟಿದಳು. ನಾಲ್ಕನೆಯ ಸಾಲೂ ಹುಟ್ಟಿತು, ಅದು ಸ್ವಲ್ಪ ಹೆಚ್ಚೇ ನೋವು ಕೊಟ್ಟಿತು.

ನಾಮಕರಣ ನಮ್ಮ ಮನೆಯ ತಾರಸಿಯ ಮೇಲೆ, ಶಾಮಿಯಾನದ ಕೆಳಗೆ. ಪ್ರಭಾಕರ್ ತಾವೇ ಸ್ಪೀಕರ್ ಜೋಡಿ ತಂದು ನಿಲ್ಲಿಸಿದರು. ಬಲಗಡೆಯದು ನಾನು ಸ್ಕ್ರೂ ಬಿಗಿ ಮಾಡಿದ್ದ ಸ್ಪೀಕರೇ. "ಹಿಂದೆ ಸಣ್ಣದಾಗಿ ಒಂದು ತಾಳ ಹಾಕ್ಲಾ ಸಾರ್? ಯಾರ್ಗೂ ಗೊತ್ತಾಗಲ್ಲ" ಎಂದು ಪಿಸುಗುಟ್ಟಿದರು. ಬೇಡ ಎಂದೆ. ಮೊದಲ ಸಾಲಿನಲ್ಲಿ ಬೀಗರು, ಅವರ ತಂಗಿ, ಅಂಗಡಿಯ ಕಥೆ ಕೇಳಿ ನಕ್ಕಿದ್ದ ಅಷ್ಟೂ ಜನ. ಮಗುವನ್ನು ತೊಟ್ಟಿಲಿಗೆ ಹಾಕಿದರು. ತೊಟ್ಟಿಲ ಹಗ್ಗ ಹಿಡಿದ ಸುಮಾ ನನ್ನ ಕಡೆ ನೋಡಲಿಲ್ಲ. ಹಗ್ಗವನ್ನೇ ನೋಡುತ್ತಿದ್ದಳು.

ಮೊದಲ ಸಾಲು ನುಡಿಸಿದೆ. ಶಾಮಿಯಾನದ ಹಿಂದಿನಿಂದ ಸರೋಜಳ ಅಕ್ಕನ ಗಂಟಲು: "ಡ್ರಮ್ಸ್ ಯಾಕೆ ಬರ್ತಿಲ್ಲ? ಕರೆಂಟ್ ಕಮ್ಮಿ ಇದೆಯಾ?" ಎರಡನೆಯ ಸಾಲಿನಲ್ಲಿ ಕಿರುಬೆರಳು ಒಮ್ಮೆ ತಪ್ಪಿತು. ಬೀಗರ ಹುಬ್ಬು ಏರಿದ್ದು ಕಂಡೆ. ಮೂರನೆಯ ಸಾಲಿಗೆ ಸರಿಯಾಗಿ ಬೀಗರು ಕುರ್ಚಿಯಿಂದ ಎದ್ದರು. ನಡೆದು ಬಂದರು. ಕೀಬೋರ್ಡಿನ ಮುಂದೆಯೇ, ನನ್ನಿಂದ ಎರಡು ಮೊಳ ದೂರದಲ್ಲಿ ನಿಂತು, ನನ್ನ ಕಣ್ಣಲ್ಲಿ ಕಣ್ಣಿಟ್ಟು, ನಿಧಾನವಾಗಿ ಎರಡೂ ಕೈ ಎತ್ತಿ ಜೋಡಿಸಿದರು.

ತುಟಿಯ ಮೂಲೆಯಲ್ಲಿ ಒಂದು ತುಂಟ ನಗು ಇತ್ತು. ಆ ಇಸ್ತ್ರಿ ಶರಟಿನೊಳಗೆ ಇಷ್ಟು ತಂಟೆ ಇದ್ದೀತೆಂದು ನನಗೆ ಅಂದಾಜಿರಲಿಲ್ಲ.

ನನ್ನ ಮೊಣಕೈಗಳು ಏಳತೊಡಗಿದವು. ಅಮ್ಮ ಕಲಿಸಿದ ಪಾಠ ಭುಜದಿಂದ ಕೈಯನ್ನು ಮೇಲೆ ಎಳೆಯುತ್ತಿತ್ತು. ಕೆಳಗೆ ಬೆರಳ ತುದಿಯಲ್ಲಿ ಅಮ್ಮನದೇ ಜೋಗುಳ. ಆಗ ಕಿವಿಯ ಮೇಲೆ ಆ ಹಳೆಯ ಏಟು ಚುರುಕ್ ಎಂದಿತು. ಓಡ್ತಿರೋ ಮಷಿನ್ ಬಿಟ್ಟು ಕೈ ಮುಗೀಬೇಡ ಕಣೋ.

ಮುಗಿಯಲಿಲ್ಲ. ತಲೆಯನ್ನೂ ಆಡಿಸಲಿಲ್ಲ. ಬೀಗರು ಕೈ ಜೋಡಿಸಿಕೊಂಡೇ ನಿಂತರು, ನಾನು ನುಡಿಸುತ್ತಲೇ ಇದ್ದೆ. ನಾಲ್ಕನೆಯ ಸಾಲಿನ ಕೊನೆಯ ಸ್ವರ ಒತ್ತಿ, ಅದು ಪೂರ್ತಿ ಆರುವವರೆಗೆ ಬೆರಳು ಇಟ್ಟುಕೊಂಡಿದ್ದು, ಆಮೇಲೆ ಕೈ ತೆಗೆದೆ. ಕೈ ತೆಗೆದ ತಕ್ಷಣ ತಾರಸಿ ನಿಶ್ಶಬ್ದವಾಯಿತು. ಆ ನಿಶ್ಶಬ್ದವನ್ನು ಎಲ್ಲರೂ ಗಮನಿಸಿದರು. ತೊಟ್ಟಿಲ ಹಗ್ಗ ಬಿಟ್ಟು ಮೊದಲು ಚಪ್ಪಾಳೆ ತಟ್ಟಿದವಳು ಸುಮಾ.

ಬೀಗರು ಕೈ ಇಳಿಸಿ, ಏನೂ ನಡೆದೇ ಇಲ್ಲವೆಂಬಂತೆ ಕುರ್ಚಿಗೆ ಹೋದರು. ಸರೋಜ ಧಡಧಡ ಬಂದಳು.

"ರೀ, ನಿಮಗೇನಾಯ್ತು? ಬೀಗರು ಎದ್ದು ಬಂದು ಕೈ ಮುಗಿದ್ರೆ ಕಂಬದ ಥರ ಕೂತಿದ್ರಲ್ಲ! ಎಳನೀರಿನವನಿಗೆ ಮುಗೀತೀರಾ, ಎಟಿಎಂಗೆ ಮುಗೀತೀರಾ! ಏನಂದ್ಕೊಂಡಿರಲ್ಲ ಅವರು?"

ಅವರು ಏನಂದುಕೊಂಡರು ಎಂಬುದು ಅಷ್ಟರಲ್ಲಿ ನನಗೆ ಕೇಳಿಸಿತು. ಬೀಗರು ಅಕ್ಕಪಕ್ಕದವರನ್ನೆಲ್ಲ ತಮ್ಮ ಕಡೆ ಬಗ್ಗಿಸಿಕೊಂಡು, ಮನೆಯವರ ಬಹುಮಾನ ತೋರಿಸುವಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು:

"ನೋಡಿದ್ರಾ? ನಮ್ಮ ಬೀಗರು ನನಗೆ ಕೈ ಮುಗೀಲೇ ಇಲ್ಲ!"